ಪ್ಯಾಡಲ್ ಶಿಫ್ಟ್ ಗೇರ್‌ಬಾಕ್ಸ್: ಗೇರ್ ಬದಲಾವಣೆಯ ವೇಗ ಮತ್ತು ಸ್ಪಂದನೆ

ಕಾರಿನ ಸ್ಟೀರಿಂಗ್ ಚಕ್ರದ ಹಿಂಬದಿಯಲ್ಲಿ, ಚಕ್ರ ಹಿಡಿದ ಕೈಬೆರಳುಗಳಿಗೆ ಎಟುಕುವಂತೆ ಎಡಬಲಗಳಲ್ಲಿ ಅಳವಡಿಸಿದ ಎರಡು ಚಿಕ್ಕ ಪಟ್ಟಿಗಳಿಗೆ ಪ್ಯಾಡಲ್ ಎಂದೂ ಅವುಗಳ ಮೂಲಕ ಗೇರ್ ಬದಲಾಯಿಸುವ ಏರ್ಪಾಡಿಗೆ ಪ್ಯಾಡಲ್ ಶಿಫ್ಟ್ ಎಂದೂ ಹೆಸರು. ಬಲಗಡೆಯದನ್ನು ಬೆರಳಿನಿಂದ ತನ್ನತ್ತ ಎಳೆದರೆ ಗೇರ್ ಒಂದು ಮೆಟ್ಟಿಲು ಏರುತ್ತದೆ, ಎಡಗಡೆಯದನ್ನು ಎಳೆದರೆ ಒಂದು ಮೆಟ್ಟಿಲು ಇಳಿಯುತ್ತದೆ ಎಂಬುದು ಬಹುತೇಕ ತಯಾರಕರು ಪಾಲಿಸುವ ರೂಢಿ. ಇಂಥ ಕಾರಿನಲ್ಲಿ ಕ್ಲಚ್ ಪೆಡಲ್ ಇರುವುದಿಲ್ಲ. ಪ್ಯಾಡಲ್ ಮುಟ್ಟದೆ ಬಿಟ್ಟರೆ ಗೇರ್‌ಬಾಕ್ಸ್ ತಾನಾಗಿಯೇ ಗೇರ್ ಆರಿಸಿಕೊಳ್ಳುತ್ತದೆ. ಮುಟ್ಟಿದರೆ ಆಯ್ಕೆ ಸ್ವಲ್ಪ ಹೊತ್ತಿನ ಮಟ್ಟಿಗೆ ಅಥವಾ ಪೂರ್ತಿಯಾಗಿ ಚಾಲಕನ ಕೈಗೆ ಬರುತ್ತದೆ. ಆದರೆ ಪ್ಯಾಡಲ್ ಸ್ವತಃ ಯಾವ ಗೇರನ್ನೂ ಹಾಕುವುದಿಲ್ಲ. ಅದು ಮನೆಯ ಕರೆಗಂಟೆಯ ಗುಂಡಿಯಂತೆ ಒಂದು ಸ್ವಿಚ್ಚು ಮಾತ್ರ. ಗುಂಡಿ ಒತ್ತಿದ ಮೇಲೆ ಬಾಗಿಲು ಎಷ್ಟು ಬೇಗ ತೆರೆದೀತೆಂಬುದು ಒಳಗಿರುವವರನ್ನು ಅವಲಂಬಿಸಿರುವಂತೆ, ಪ್ಯಾಡಲ್ ಎಳೆದ ಮೇಲಿನದೆಲ್ಲವೂ ಅದರ ಹಿಂದಿರುವ ಗೇರ್‌ಬಾಕ್ಸಿನ ರಚನೆಗೂ ಅದನ್ನು ಆಳುವ ತಂತ್ರಾಂಶಕ್ಕೂ ಸೇರಿದ್ದು. ಒಂದೇ ಬಗೆಯ ಪ್ಯಾಡಲ್ ಹೊತ್ತ ಎರಡು ಕಾರುಗಳು ಗುಣದಲ್ಲಿ ಅಜಗಜಾಂತರವಾಗಿರಲು ಇದೇ ಕಾರಣ.

ಈ ಗುಣವನ್ನು ಅಳೆಯುವಾಗ ಎರಡು ಬೇರೆ ಬೇರೆ ಕಾಲಾವಧಿಗಳನ್ನು ಒಂದೆಂದು ಭಾವಿಸುವ ತಪ್ಪು ಸಾಮಾನ್ಯವಾಗಿದೆ. ಹಳೆಯ ಗೇರ್ ಬಿಡಲು ತೊಡಗಿದಾಗಿನಿಂದ ಹೊಸ ಗೇರ್ ಪೂರ್ತಿ ಭಾರ ಹೊರುವವರೆಗಿನ ಅವಧಿ ಬದಲಾವಣೆಯ ವೇಗವನ್ನು ಹೇಳುತ್ತದೆ. ಬೆರಳು ಪ್ಯಾಡಲ್ ಎಳೆದ ಕ್ಷಣದಿಂದ ಕಾರಿನ ನಡೆಯಲ್ಲಿ ಬದಲಾವಣೆ ಚಾಲಕನ ಅರಿವಿಗೆ ಬರುವವರೆಗಿನ ಅವಧಿ ಸ್ಪಂದನೆಯನ್ನು ಹೇಳುತ್ತದೆ. ಜಾಹೀರಾತುಗಳು ಮೊದಲನೆಯದನ್ನು ಮಿಲಿಸೆಕೆಂಡುಗಳಲ್ಲಿ, ಅಂದರೆ ಸೆಕೆಂಡಿನ ಸಾವಿರದ ಭಾಗಗಳಲ್ಲಿ, ಸಾರುತ್ತವೆ. ಚಾಲಕ ದಿನನಿತ್ಯ ಅನುಭವಿಸುವುದು ಎರಡನೆಯದನ್ನು. ಬದಲಾವಣೆ ಮಿಂಚಿನಷ್ಟು ಬೇಗ ಮುಗಿದರೂ ಅದು ಆರಂಭವಾಗುವುದಕ್ಕೇ ಅರ್ಧ ಸೆಕೆಂಡು ಹಿಡಿಯುವ ಗೇರ್‌ಬಾಕ್ಸುಗಳಿವೆ, ಮತ್ತು ಚಾಲಕರ ದೂರುಗಳಲ್ಲಿ ಬಹುಪಾಲು ಈ ಕಾಯುವಿಕೆಯನ್ನು ಕುರಿತವೇ ಆಗಿರುತ್ತವೆ.

ಹಿನ್ನೆಲೆ

ಗೇರಿನ ಆಯ್ಕೆಯನ್ನು ಸ್ಟೀರಿಂಗಿನ ಬಳಿಗೆ ತರುವ ಯತ್ನ ಹಳೆಯದು. 1930ರ ದಶಕದ ಬ್ರಿಟನ್ನಿನ ಡೈಮ್ಲರ್ ಕಾರುಗಳಲ್ಲಿದ್ದ ವಿಲ್ಸನ್ ಪ್ರಿಸೆಲೆಕ್ಟರ್ ಗೇರ್‌ಬಾಕ್ಸಿನಲ್ಲಿ, ಚಾಲಕ ಸ್ಟೀರಿಂಗಿನ ಹತ್ತಿರದ ಚಿಕ್ಕ ಸನ್ನೆಯಿಂದ ಮುಂದಿನ ಗೇರನ್ನು ಮೊದಲೇ ಗೊತ್ತುಮಾಡಿಟ್ಟು, ಬೇಕಾದಾಗ ಪೆಡಲ್ ತುಳಿದು ಅದನ್ನು ಜಾರಿಗೆ ತರುತ್ತಿದ್ದ. ಮುಂದಿನ ಗೇರನ್ನು ಮುಂಚಿತವಾಗಿ ಸಿದ್ಧವಾಗಿಡುವ ಈ ವಿಚಾರ ಏಳೆಂಟು ದಶಕಗಳ ಬಳಿಕ ಬೇರೊಂದು ರೂಪದಲ್ಲಿ ಮರಳಿ ಬಂದುದನ್ನು ಮುಂದೆ ನೋಡಬಹುದು. ಅಮೆರಿಕದಲ್ಲಿ ಫೋರ್ಡ್ ಸಂಸ್ಥೆ 1958ರ ಎಡ್ಸೆಲ್ ಕಾರಿನ ಸ್ಟೀರಿಂಗ್ ಚಕ್ರದ ನಡುವೆಯೇ ಗೇರ್ ಗುಂಡಿಗಳನ್ನು ಕೂರಿಸಿ ಅದಕ್ಕೆ ಟೆಲಿಟಚ್ ಎಂದು ಹೆಸರಿಟ್ಟಿತು. ವಿದ್ಯುತ್ ಮೋಟಾರಿನ ಸಹಾಯದಿಂದ ನಡೆಯುತ್ತಿದ್ದ ಆ ವ್ಯವಸ್ಥೆ ತೊಂದರೆಗಳಿಗೇ ಹೆಸರಾಗಿ ಬೇಗನೆ ಮರೆಯಾಯಿತು.

ಇಂದಿನ ಪ್ಯಾಡಲಿನ ನೇರ ಪೂರ್ವಜ ಹುಟ್ಟಿದ್ದು ಫಾರ್ಮುಲಾ ಒನ್ ಪಂದ್ಯಗಳಲ್ಲಿ. ಬ್ರಿಟಿಷ್ ವಿನ್ಯಾಸಕಾರ ಜಾನ್ ಬರ್ನಾರ್ಡ್ ಫೆರಾರಿ ತಂಡಕ್ಕಾಗಿ ರೂಪಿಸಿದ 640 ಎಂಬ ಕಾರಿನಲ್ಲಿ ಗೇರ್ ಸನ್ನೆಯನ್ನು ತೆಗೆದುಹಾಕಿ, ಸ್ಟೀರಿಂಗಿನ ಹಿಂದೆ ಎರಡು ಪ್ಯಾಡಲ್‌ಗಳನ್ನಿಟ್ಟು, ಏಳು ಗೇರುಗಳ ಪೆಟ್ಟಿಗೆಯನ್ನು ಎಲೆಕ್ಟ್ರಾನಿಕ್ ನಿಯಂತ್ರಣದ ಹೈಡ್ರಾಲಿಕ್ ಒತ್ತಡದಿಂದ ನಡೆಸಲಾಯಿತು. ಚಾಲಕನ ಆಸನದ ಪಕ್ಕದಲ್ಲಿ ಸನ್ನೆಗೂ ಅದನ್ನಾಡಿಸುವ ಮೊಣಕೈಗೂ ಜಾಗ ಬಿಡಬೇಕಾದ ಅಗತ್ಯ ತಪ್ಪಿ ಕಾರಿನ ಒಡಲು ಇನ್ನಷ್ಟು ಕಿರಿದಾದದ್ದು ವೇಗದಷ್ಟೇ ದೊಡ್ಡ ಲಾಭವಾಗಿತ್ತು. 1989ರ ಮಾರ್ಚ್‌ನಲ್ಲಿ ರಿಯೊ ಡಿ ಜನೈರೊದಲ್ಲಿ ನಡೆದ ಬ್ರೆಜಿಲ್ ಗ್ರ್ಯಾನ್ ಪ್ರಿ ಈ ಕಾರಿನ ಮೊದಲ ಪಂದ್ಯ. ಅಭ್ಯಾಸದ ದಿನಗಳಲ್ಲಿ ಅದು ಪದೇ ಪದೇ ಕೈಕೊಟ್ಟಿದ್ದರಿಂದ ಪಂದ್ಯ ಮುಗಿಸೀತೆಂಬ ಭರವಸೆ ತಂಡಕ್ಕೇ ಇರಲಿಲ್ಲ. ಆದರೂ ನೈಜೆಲ್ ಮ್ಯಾನ್ಸೆಲ್, ನಡುವೆ ಪಿಟ್‌ನಲ್ಲಿ ಸ್ಟೀರಿಂಗ್ ಚಕ್ರವನ್ನೇ ಬದಲಾಯಿಸಿಕೊಂಡು, ಆ ಪಂದ್ಯವನ್ನು ಗೆದ್ದ. ಮುಂದಿನ ಕೆಲವೇ ವರ್ಷಗಳಲ್ಲಿ ಉಳಿದ ತಂಡಗಳೂ ಇದೇ ದಾರಿ ಹಿಡಿದವು. ಗೇರ್‌ಬಾಕ್ಸ್ ತಾನೇ ಗೇರ್ ಬದಲಿಸುವ ಪೂರ್ಣ ಸ್ವಯಂಚಾಲಿತ ಪದ್ಧತಿಯನ್ನು 2004ರಿಂದ ಫಾರ್ಮುಲಾ ಒನ್‌ನಲ್ಲಿ ನಿಷೇಧಿಸಲಾಗಿದ್ದು, ಇಂದಿಗೂ ಅಲ್ಲಿ ಪ್ರತಿ ಬದಲಾವಣೆಗೂ ಚಾಲಕನ ಬೆರಳು ಅಲುಗಲೇಬೇಕು.

ರಸ್ತೆಯ ಕಾರುಗಳಿಗೆ ಇದು ಇಳಿದುಬಂದದ್ದು 1997ರಲ್ಲಿ, ಫೆರಾರಿಯ ಎಫ್355 ಎಫ್1 ಮಾದರಿಯ ಮೂಲಕ. ಪೋರ್ಷೆ ಸಂಸ್ಥೆ ಅದಕ್ಕೂ ಮೊದಲೇ ಮಾಮೂಲಿ ಸ್ವಯಂಚಾಲಿತ ಗೇರ್‌ಬಾಕ್ಸಿಗೆ ಕೈಯಾರೆ ಗೇರ್ ಆರಿಸುವ ಸೌಲಭ್ಯ ಸೇರಿಸಿ ಟಿಪ್‌ಟ್ರಾನಿಕ್ ಎಂಬ ಹೆಸರಿನಲ್ಲಿ 911 ಕಾರುಗಳಲ್ಲಿ ಮಾರುತ್ತಿತ್ತು. ಬಿಎಂಡಬ್ಲ್ಯು ತನ್ನ ಎಂ3 ಕಾರಿನಲ್ಲಿ ಎಸ್‌ಎಂಜಿ ಎಂಬ ಪದ್ಧತಿಯನ್ನು ತಂದು, 2001ರ ಹೊತ್ತಿಗೆ ಬಂದ ಅದರ ಎರಡನೆಯ ಆವೃತ್ತಿಗೆ ಪ್ಯಾಡಲ್‌ಗಳನ್ನೂ ಜೋಡಿಸಿತು. ಹೀಗೆ ಪ್ಯಾಡಲ್ ಎಂಬ ಒಂದೇ ಹೊರಚಿಹ್ನೆಯ ಹಿಂದೆ ತೀರ ಬೇರೆ ಬೇರೆ ಯಂತ್ರಗಳು ಅಡಗಿಕೊಂಡವು.

ಒಂದು ಬದಲಾವಣೆಯ ಒಳಗೆ

ಎರಡನೆಯ ಗೇರಿನಲ್ಲಿ ಆಕ್ಸಿಲರೇಟರ್ ಒತ್ತಿ ಹಿಡಿದು ಸಾಗುತ್ತಿರುವ ಕಾರೊಂದನ್ನು ತೆಗೆದುಕೊಂಡರೆ, ಬಲಗಡೆಯ ಪ್ಯಾಡಲ್ ಎಳೆದಾಗ ಮೊದಲು ಆಗುವುದು ಸಂದೇಶದ ಸಾಗಣೆ. ಸ್ವಿಚ್ಚಿನ ಸ್ಥಿತಿಯನ್ನು ಸ್ಟೀರಿಂಗಿನ ಎಲೆಕ್ಟ್ರಾನಿಕ್ ಘಟಕ ಓದಿ, ಕಾರಿನೊಳಗಿನ ದತ್ತಾಂಶ ಜಾಲದ ಮೂಲಕ ಗೇರ್‌ಬಾಕ್ಸಿನ ನಿಯಂತ್ರಣ ಗಣಕಕ್ಕೆ ರವಾನಿಸುತ್ತದೆ. ಈ ಜಾಲದಲ್ಲಿ ಸಂದೇಶಗಳು ಸಾಮಾನ್ಯವಾಗಿ ಹತ್ತೋ ಇಪ್ಪತ್ತೋ ಮಿಲಿಸೆಕೆಂಡಿಗೊಮ್ಮೆ ಹೊರಡುವುದರಿಂದ, ಒಂದು ಸರದಿ ತಪ್ಪಿದ ಸಂಕೇತ ಮುಂದಿನದಕ್ಕೆ ಕಾಯಬೇಕಾಗುತ್ತದೆ. ಎಂಜಿನಿಯರುಗಳು ಈ ಜಾಲವನ್ನು ಬಸ್ ಎಂದೇ ಕರೆಯುವುದು ಈ ಮಟ್ಟಿಗೆ ಸಾರ್ಥಕವಾಗಿದೆ. ಸಂದೇಶ ತಲುಪಿದ ಮೇಲೆ ಗಣಕ ಎಂಜಿನ್ನಿನ ಆವರ್ತನ, ಕಾರಿನ ವೇಗ, ಎಣ್ಣೆಯ ತಾಪ, ಬ್ರೇಕಿನ ಸ್ಥಿತಿ ಮೊದಲಾದವನ್ನು ನೋಡಿ ಕೋರಿಕೆಯನ್ನು ಒಪ್ಪಬಹುದೇ ಎಂದು ತೀರ್ಮಾನಿಸುತ್ತದೆ. ಇಷ್ಟಕ್ಕೆ ಹಿಡಿಯುವ ಕಾಲ ಒಟ್ಟಾರೆ ಕಾಯುವಿಕೆಯಲ್ಲಿ ಚಿಕ್ಕ ಪಾಲು.

ದೊಡ್ಡ ಪಾಲು ಎಣ್ಣೆಗೂ ಲೋಹಕ್ಕೂ ಸಂಬಂಧಿಸಿದ್ದು. ಒಂದಕ್ಕಿಂತ ಹೆಚ್ಚು ಕ್ಲಚ್ಚುಗಳಿರುವ ಗೇರ್‌ಬಾಕ್ಸಿನಲ್ಲಿ ಹೊಸ ಗೇರಿನ ಭಾರ ಹೊರಬೇಕಾದ ಕ್ಲಚ್ಚಿನ ಫಲಕಗಳ ನಡುವೆ ಬಿಡುವು ಇರುತ್ತದೆ. ಸೊಲೆನಾಯ್ಡ್ ಎಂಬ ವಿದ್ಯುತ್ ಕವಾಟ ತೆರೆದು ಒತ್ತಡದ ಎಣ್ಣೆ ನುಗ್ಗಿ ಪಿಸ್ಟನ್ನನ್ನು ಸರಿಸಿ, ಫಲಕಗಳು ಪರಸ್ಪರ ಸೋಕುವವರೆಗೆ ಕಾರಿನ ನಡೆಯಲ್ಲಿ ಏನೂ ಆದಂತೆ ಕಾಣುವುದಿಲ್ಲ. ಆ ಬಳಿಕ ಹಳೆಯ ಕ್ಲಚ್ ಸಡಿಲುತ್ತ ಹೊಸದು ಬಿಗಿಯುತ್ತ ಟಾರ್ಕ್, ಅಂದರೆ ಎಂಜಿನ್ನಿನ ತಿರುಗುಬಲ, ಒಂದರಿಂದ ಇನ್ನೊಂದಕ್ಕೆ ವರ್ಗವಾಗುತ್ತದೆ. ಇದಕ್ಕೆ ಟಾರ್ಕ್ ಹಂತ ಎನ್ನುತ್ತಾರೆ. ಕೊನೆಯದು ಜಡತ್ವದ ಹಂತ. ಎರಡನೆಯ ಗೇರಿನ ಅನುಪಾತ 2.0 ಮತ್ತು ಮೂರನೆಯದು 1.4 ಎಂದಿಟ್ಟುಕೊಂಡರೆ, 6,000 ಆರ್‌ಪಿಎಂನಲ್ಲಿ ತಿರುಗುತ್ತಿದ್ದ ಎಂಜಿನ್ ಅದೇ ವೇಗದ ಕಾರಿನಲ್ಲಿ 4,200ಕ್ಕೆ ಇಳಿಯಲೇಬೇಕು. ಕ್ರ್ಯಾಂಕ್‌ಶಾಫ್ಟ್, ಫ್ಲೈವೀಲ್ ಮುಂತಾದ ಭಾರವಾದ ಭಾಗಗಳಲ್ಲಿ ತುಂಬಿದ್ದ ಚಲನಶಕ್ತಿಯನ್ನು ಅಷ್ಟು ಬೇಗ ಎಲ್ಲಿಗಾದರೂ ದಾಟಿಸಬೇಕಾಗುತ್ತದೆ. ಕಿಡಿಯ ಸಮಯವನ್ನು ಹಿಂದಕ್ಕೆ ಸರಿಸಿಯೋ ಇಂಧನವನ್ನು ಕ್ಷಣಕಾಲ ತಡೆದೋ ಗಣಕ ಎಂಜಿನ್ನಿನ ಬಲವನ್ನು ತಗ್ಗಿಸುತ್ತದೆ. ಉಳಿದದ್ದನ್ನು ಕ್ಲಚ್ ಉಜ್ಜಿಕೊಂಡು ಶಾಖವಾಗಿಸುತ್ತದೆ ಅಥವಾ ಚಕ್ರಗಳಿಗೆ ಒಂದು ಚಿಕ್ಕ ತಳ್ಳಾಗಿ ಕಳಿಸುತ್ತದೆ. ಸ್ಪೋರ್ಟ್ ಎಂಬ ಸ್ಥಿತಿಯಲ್ಲಿ ಬೆನ್ನಿಗೆ ಸಿಗುವ ಆ ಗುದ್ದು ಬಹುಮಟ್ಟಿಗೆ ಈ ಚಲನಶಕ್ತಿಯೇ. ಅದನ್ನು ಮೃದುಗೊಳಿಸದೆ ಬಿಡುವುದರಿಂದ ಬದಲಾವಣೆ ಬೇಗ ಮುಗಿಯುತ್ತದೆ, ಮತ್ತು ಬೇಗ ಮುಗಿಯಿತೆಂಬ ಭಾವನೆ ಅದಕ್ಕಿಂತಲೂ ಹೆಚ್ಚಾಗಿ ಮೂಡುತ್ತದೆ.

ಗೇರ್ ಇಳಿಸುವಾಗ ಕ್ರಮ ತಿರುಗುಮುರುಗಾಗುತ್ತದೆ. ಮೂರರಲ್ಲಿ 3,000 ಆರ್‌ಪಿಎಂನಲ್ಲಿದ್ದ ಎಂಜಿನ್ ಎರಡಕ್ಕೆ ಬರಬೇಕಾದರೆ ಸುಮಾರು 4,300ಕ್ಕೆ ಏರಬೇಕು. ಬಲ ಬೇಡಿ ಗೇರ್ ಇಳಿಸುವಾಗ ಮೊದಲು ಎಂಜಿನ್ನನ್ನು ಆ ಮಟ್ಟಕ್ಕೆ ಏರಿಸಿ, ಆಮೇಲೆ ಹೊಸ ಕ್ಲಚ್ಚಿಗೆ ಭಾರ ಒಪ್ಪಿಸಬೇಕಾಗುತ್ತದೆ. ಎಂಜಿನ್ ತನ್ನ ಜಡತ್ವವನ್ನು ಮೀರಿ ಏರುವುದಕ್ಕೆ ಬೇಕಾದಷ್ಟು ಹೊತ್ತು ಯಾವ ಗೇರ್‌ಬಾಕ್ಸೂ ಕಾಯಲೇಬೇಕು. ಜಾಹೀರಾತಿನ ಅಂಕಿಗಳೆಲ್ಲ ಸಾಮಾನ್ಯವಾಗಿ ಗೇರ್ ಏರಿಸುವಾಗಿನವು, ಇಳಿಸುವಾಗಿನವಲ್ಲ ಎಂಬುದನ್ನು ಇಲ್ಲಿ ಗಮನಿಸಬೇಕು.

ರಚನೆಯ ಭೇದಗಳು

ಎಫ್355 ಎಫ್1, ಎಂ3 ಮುಂತಾದ ಮೊದಲ ತಲೆಮಾರಿನ ಪ್ಯಾಡಲ್ ಕಾರುಗಳಲ್ಲಿದ್ದುದು ಮಾಮೂಲಿ ಮ್ಯಾನ್ಯುವಲ್ ಗೇರ್‌ಬಾಕ್ಸೇ. ಚಾಲಕನ ಕಾಲು ಮಾಡುತ್ತಿದ್ದ ಕ್ಲಚ್ಚಿನ ಕೆಲಸವನ್ನೂ ಕೈ ಮಾಡುತ್ತಿದ್ದ ಗೇರಿನ ಕೆಲಸವನ್ನೂ ಹೈಡ್ರಾಲಿಕ್ ಪಂಪು ಮತ್ತು ಕವಾಟಗಳಿಗೆ ಒಪ್ಪಿಸಲಾಗಿತ್ತು, ಅಷ್ಟೆ. ಕ್ಲಚ್ ಒಂದೇ ಇರುವುದರಿಂದ ಅದು ಬಿಟ್ಟು, ಗೇರ್ ಬದಲಾಗಿ, ಮತ್ತೆ ಹಿಡಿಯುವವರೆಗೆ ಚಕ್ರಗಳಿಗೆ ಬಲ ತಲುಪುವುದಿಲ್ಲ. ಕುಳಿತವರ ತಲೆ ಮುಂದಕ್ಕೆ ತೂಗಿ ಹಿಂದಕ್ಕೆ ಬರುವುದು ಈ ರಚನೆಯ ಗುರುತು. ಎಸ್‌ಎಂಜಿಯ ಎರಡನೆಯ ಆವೃತ್ತಿಗೆ 80 ಮಿಲಿಸೆಕೆಂಡ್, 2007ರ ಫೆರಾರಿ 430 ಸ್ಕುಡೇರಿಯಾಕ್ಕೆ 60 ಮಿಲಿಸೆಕೆಂಡ್, 2011ರ ಲ್ಯಾಂಬೊರ್ಗಿನಿ ಅವೆಂಟಡೋರಿಗೆ 50 ಮಿಲಿಸೆಕೆಂಡ್ ಎಂದು ತಯಾರಕರು ಹೇಳಿಕೊಂಡರು. ಇವು ಎಂಜಿನ್ ಮೇಲ್ಮಟ್ಟದಲ್ಲಿ ತಿರುಗುತ್ತಿರುವಾಗ, ಅತಿ ಬಿರುಸಿನ ಸ್ಥಿತಿಯಲ್ಲಿ ಸಿಗುವ ಅಂಕಿಗಳು. ಊರೊಳಗೆ ನಿಧಾನವಾಗಿ ಸಾಗುವಾಗ ಅದೇ ಗೇರ್‌ಬಾಕ್ಸ್ ಬಲ ಕಡಿದುಕೊಂಡು ಎಳೆದಾಡುವುದು ಎದ್ದು ಕಾಣುತ್ತದೆ. ಭಾರತದಲ್ಲಿ 2014ರ ಮಾರುತಿ ಸೆಲೆರಿಯೊದಿಂದ ಜನಪ್ರಿಯವಾದ ಎಎಂಟಿ ಎಂಬ ಅಗ್ಗದ ಪದ್ಧತಿ ತತ್ತ್ವದಲ್ಲಿ ಇದೇ ಕುಟುಂಬದ್ದು, ಉದ್ದೇಶದಲ್ಲಿ ಮಾತ್ರ ಪೂರ್ತಿ ಬೇರೆ.

ಈ ಕಡಿತವನ್ನೇ ಇಲ್ಲವಾಗಿಸಿದ್ದು ಎರಡು ಕ್ಲಚ್ಚುಗಳ ಗೇರ್‌ಬಾಕ್ಸ್. ಫ್ರೆಂಚ್ ಎಂಜಿನಿಯರ್ ಅಡಾಲ್ಫ್ ಕೆಗ್ರೆಸ್ 1930ರ ದಶಕದ ಕೊನೆಯಲ್ಲಿ ಇದನ್ನು ಕಲ್ಪಿಸಿದ್ದರೂ, ಅದನ್ನು ಆಳಬಲ್ಲ ಎಲೆಕ್ಟ್ರಾನಿಕ್ಸ್ ಸಿದ್ಧವಾದ ಮೇಲೆ 1980ರ ದಶಕದಲ್ಲಿ ಪೋರ್ಷೆ ತನ್ನ 956 ಮತ್ತು 962 ಪಂದ್ಯದ ಕಾರುಗಳಲ್ಲಿ ಪಿಡಿಕೆ ಹೆಸರಿನಿಂದ ಪ್ರಯೋಗಿಸಿತು. ದೊಡ್ಡ ಪ್ರಮಾಣದ ತಯಾರಿಕೆಗೆ ಮೊದಲು ತಂದದ್ದು 2003ರ ಫೋಕ್ಸ್‌ವ್ಯಾಗನ್ ಗಾಲ್ಫ್ ಆರ್32. ಅಲ್ಲಿ ಇದರ ಹೆಸರು ಡಿಎಸ್‌ಜಿ. ಒಂದು ಕ್ಲಚ್ ಬೆಸಸಂಖ್ಯೆಯ ಗೇರುಗಳ ಶಾಫ್ಟನ್ನೂ ಇನ್ನೊಂದು ಸಮಸಂಖ್ಯೆಯ ಗೇರುಗಳ ಶಾಫ್ಟನ್ನೂ ನಡೆಸುತ್ತವೆ. ಕಾರು ಮೂರರಲ್ಲಿ ಓಡುತ್ತಿರುವಾಗಲೇ ನಾಲ್ಕನ್ನು ಇನ್ನೊಂದು ಶಾಫ್ಟಿನ ಮೇಲೆ ಮುಂಚಿತವಾಗಿ ಕೂರಿಸಿ ಇಡಲಾಗುತ್ತದೆ. ಪ್ಯಾಡಲ್ ಎಳೆದಾಗ ಒಂದು ಕ್ಲಚ್ ಬಿಡುವುದೂ ಇನ್ನೊಂದು ಹಿಡಿಯುವುದೂ ಒಂದರ ಮೇಲೊಂದು ಹೊರಳಿ ನಡೆದು ಚಕ್ರಗಳಿಗೆ ಬಲ ತಪ್ಪುವುದಿಲ್ಲ. ವಿಲ್ಸನ್ ಗೇರ್‌ಬಾಕ್ಸಿನಲ್ಲಿ ಚಾಲಕ ಮಾಡುತ್ತಿದ್ದ ಮುನ್ನಾಯ್ಕೆಯನ್ನು ಇಲ್ಲಿ ಗಣಕ ಮಾಡುತ್ತದೆ, ಮತ್ತು ಈ ಗೇರ್‌ಬಾಕ್ಸಿನ ಹಿರಿಮೆಯೂ ದೌರ್ಬಲ್ಯವೂ ಅದರಲ್ಲೇ ಇವೆ.

ದೌರ್ಬಲ್ಯ ಬಯಲಾಗುವುದು ಊಹೆ ತಪ್ಪಿದಾಗ. ಕಾರು ನಾಲ್ಕನೆಯ ಗೇರಿನಲ್ಲಿ ವೇಗ ಹೆಚ್ಚಿಸಿಕೊಳ್ಳುತ್ತಿದೆ. ಮುಂದೆ ಬೇಕಾಗುವುದು ಐದೇ ಎಂದು ಗಣಕ ಅದನ್ನು ಬೆಸ ಶಾಫ್ಟಿನ ಮೇಲೆ ಸಿದ್ಧವಾಗಿಟ್ಟಿದೆ. ಅಷ್ಟರಲ್ಲಿ ಎದುರಿನ ಲಾರಿಯನ್ನು ದಾಟಲು ಚಾಲಕ ಎಡಗಡೆಯ ಪ್ಯಾಡಲ್ ಎಳೆದು ಮೂರನ್ನು ಕೇಳುತ್ತಾನೆ. ಮೂರೂ ಐದೂ ಒಂದೇ ಶಾಫ್ಟಿನವಾದ್ದರಿಂದ ಐದನ್ನು ಬಿಡಿಸಬೇಕು, ಆ ಶಾಫ್ಟನ್ನು ಮೂರಕ್ಕೆ ತಕ್ಕ ವೇಗಕ್ಕೆ ಸಿಂಕ್ರೊನೈಸರ್ ಎಂಬ ಉಜ್ಜುವ ಉಂಗುರದಿಂದ ತರಬೇಕು, ಮೂರನ್ನು ಕೂರಿಸಬೇಕು, ಎಂಜಿನ್ನನ್ನು ಏರಿಸಬೇಕು, ಆಮೇಲೆ ಕ್ಲಚ್ಚುಗಳ ಅದಲುಬದಲು. ಕ್ಲಚ್ಚಿನ ಅದಲುಬದಲಷ್ಟೇ ಸಾಕಾಗಿದ್ದಾಗ ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯುವ ಕೆಲಸಕ್ಕೆ ಈಗ ಅದರ ಹಲವು ಪಟ್ಟು ಕಾಲ ಬೇಕು. ಗಂಟೆಗೆ 100 ಕಿಲೋಮೀಟರ್ ವೇಗದಲ್ಲಿ ಕಾರು ಸೆಕೆಂಡಿಗೆ ಸುಮಾರು 28 ಮೀಟರ್ ಸಾಗುವುದರಿಂದ, ಅರ್ಧ ಸೆಕೆಂಡಿನ ಕಾಯುವಿಕೆಯೆಂದರೆ 14 ಮೀಟರ್ ರಸ್ತೆ. ಆರರಿಂದ ಎರಡಕ್ಕೆ ಬೀಳಬೇಕಾದಾಗಲೂ ಇಂಥದೇ ತೊಡಕು. ಎರಡೂ ಸಮ ಶಾಫ್ಟಿನವು, ಹೀಗಾಗಿ ನಡುವೆ ಬೆಸ ಗೇರೊಂದನ್ನು ಮೆಟ್ಟಿಲಾಗಿ ಬಳಸಿ ಇಳಿಯುವ ತಂತ್ರವನ್ನು ಅನುಸರಿಸಲಾಗುತ್ತದೆ.

ಈ ತೊಡಕಿಗೆ ಮದ್ದನ್ನು ಹಲವರು ಹಲವು ಬಗೆಯಲ್ಲಿ ಹುಡುಕಿದ್ದಾರೆ. ಬ್ರೇಕಿನ ಒತ್ತಡ ಮತ್ತು ಆಕ್ಸಿಲರೇಟರಿನ ಚಲನೆ ಗಮನಿಸಿ ಊಹೆಯನ್ನು ಕ್ಷಣಕ್ಷಣಕ್ಕೂ ತಿದ್ದಿಕೊಳ್ಳುವುದು ಸಾಮಾನ್ಯ ದಾರಿ. 2011ರ ಮೆಕ್‌ಲಾರೆನ್ ಎಂಪಿ4-12ಸಿ ಕಾರು ಊಹೆಯ ಗೊಡವೆಯನ್ನೇ ಚಾಲಕನಿಗೆ ಬಿಟ್ಟಿತು: ಪ್ಯಾಡಲನ್ನು ಅರ್ಧ ಎಳೆದರೆ ಮುಂದಿನ ಗೇರ್ ಸಿದ್ಧವಾಗುತ್ತದೆ, ಪೂರ್ತಿ ಎಳೆದರೆ ಜಾರಿಗೆ ಬರುತ್ತದೆ. ಪ್ರೀ-ಕಾಗ್ ಎಂದು ಕರೆಯಲಾದ ಇದು ಕ್ಯಾಮೆರಾದ ಗುಂಡಿಯನ್ನು ಅರ್ಧ ಒತ್ತಿ ನೋಟ ಸ್ಫುಟಗೊಳಿಸುವುದನ್ನು ಹೋಲುವ ಸೊಗಸಾದ ಉಪಾಯ. ಆದರೆ ಇಂಥ ಸೂಕ್ಷ್ಮವನ್ನು ಬೆರಳಿಗೆ ಕಲಿಸುವ ತಾಳ್ಮೆ ಎಲ್ಲ ಚಾಲಕರಿಗೂ ಇರಲಾರದು. ಸ್ವೀಡನ್ನಿನ ಕೊನಿಗ್‌ಸೆಗ್ ಸಂಸ್ಥೆ 2019ರಲ್ಲಿ ಪ್ರಕಟಿಸಿದ ಜೆಸ್ಕೊ ಕಾರಿನಲ್ಲಿ ಒಂಬತ್ತು ಗೇರುಗಳಿಗೆ ಏಳು ಕ್ಲಚ್ಚುಗಳನ್ನು ಕೊಟ್ಟು, ಸಿಂಕ್ರೊನೈಸರನ್ನೇ ಕೈಬಿಟ್ಟು, ಯಾವ ಗೇರಿನಿಂದ ಯಾವ ಗೇರಿಗಾದರೂ ನೇರ ಜಿಗಿಯುವಂತೆ ಮಾಡಿದೆ.

ಟಾರ್ಕ್ ಕನ್ವರ್ಟರ್ ಇರುವ ಸಾಂಪ್ರದಾಯಿಕ ಸ್ವಯಂಚಾಲಿತ ಗೇರ್‌ಬಾಕ್ಸಿಗೆ ಪ್ಯಾಡಲ್ ಜೋಡಿಸಿದಾಗ ದೊರೆಯುತ್ತಿದ್ದ ಫಲ ಬಹುಕಾಲ ನಗೆಪಾಟಲಾಗಿತ್ತು. ಎಂಜಿನ್ನಿಗೂ ಗೇರುಗಳಿಗೂ ನಡುವೆ ಎಣ್ಣೆಯ ಮೂಲಕವೇ ಬಲ ಸಾಗಿಸುವ ಈ ಕನ್ವರ್ಟರ್ ಜಾರುವಿಕೆಯಿಂದಾಗಿ ಪ್ರತಿ ಬದಲಾವಣೆಯ ಅಂಚನ್ನೂ ಮಸುಕುಗೊಳಿಸುತ್ತದೆ; ನಾಲ್ಕೈದು ಗೇರುಗಳ ನಡುವಿನ ಅಂತರ ದೊಡ್ಡದಾಗಿದ್ದು ಎಂಜಿನ್ ಏರಿಳಿಯಬೇಕಾದ ದೂರವೂ ಹೆಚ್ಚಿರುತ್ತಿತ್ತು. ಜರ್ಮನಿಯ ಜ಼ಡ್‌ಎಫ್ ಸಂಸ್ಥೆಯ ಎಂಟು ಗೇರುಗಳ 8ಎಚ್‌ಪಿ 2009ರಲ್ಲಿ ಬಿಎಂಡಬ್ಲ್ಯು 7 ಸರಣಿಯ ಕಾರಿನಲ್ಲಿ ಬಂದಾಗ ಚಿತ್ರ ಬದಲಾಯಿತು. ನಾಲ್ಕು ಪ್ಲಾನೆಟರಿ ಗೇರ್ ಸಮೂಹಗಳನ್ನು ಕೇವಲ ಐದು ಕ್ಲಚ್-ಬ್ರೇಕುಗಳಿಂದ ಆಳುವ ಈ ರಚನೆಯಲ್ಲಿ ಯಾವುದೇ ಗೇರಿನಲ್ಲೂ ಮೂರು ಬಿಗಿದಿದ್ದು ಎರಡು ಮಾತ್ರ ತೆರೆದಿರುತ್ತವೆ. ಹೆಚ್ಚಿನ ಬದಲಾವಣೆಗಳಿಗೆ ಒಂದನ್ನು ಬಿಟ್ಟು ಇನ್ನೊಂದನ್ನು ಹಿಡಿದರೆ ಸಾಕು. ಕಾರು ಹೊರಟ ಕೂಡಲೇ ಕನ್ವರ್ಟರನ್ನು ಲಾಕಪ್ ಕ್ಲಚ್ಚಿನಿಂದ ಬಿಗಿದುಬಿಡುವುದರಿಂದ ಜಾರುವಿಕೆಯೂ ಇಲ್ಲವಾಗುತ್ತದೆ. ಇದರ ಬದಲಾವಣೆಗೆ ಸುಮಾರು 200 ಮಿಲಿಸೆಕೆಂಡ್ ಹಿಡಿಯುತ್ತದೆಂಬುದು ತಯಾರಕರ ಹೇಳಿಕೆ. ಕಾಗದದ ಮೇಲೆ ಇದು ಎಸ್‌ಎಂಜಿಗಿಂತ ನಿಧಾನ. ಆದರೆ ಮುನ್ನಾಯ್ಕೆಯ ಜೂಜು ಇಲ್ಲದೆ ಎಂಟರಿಂದ ಎರಡಕ್ಕೂ ನೇರವಾಗಿ ಇಳಿಯಬಲ್ಲ ಇದರ ನಡತೆ ಊಹಿಸಬಹುದಾದಂಥದು, ಮತ್ತು ಸ್ಪಂದನೆಯೆಂಬ ಪದಕ್ಕೆ ಚಾಲಕರು ಕೊಡುವ ಅರ್ಥದಲ್ಲಿ ಊಹಿಸಬಹುದಾದ ನಡತೆಗೇ ಹೆಚ್ಚಿನ ಬೆಲೆ. ಮರ್ಸಿಡಿಸ್-ಎಎಂಜಿ 2008ರಲ್ಲಿ ಎಸ್‌ಎಲ್ 63 ಕಾರಿನಲ್ಲಿ ಕನ್ವರ್ಟರನ್ನು ತೆಗೆದು ಅದರ ಜಾಗದಲ್ಲಿ ಎಣ್ಣೆಯಲ್ಲಿ ಮುಳುಗಿದ ಕ್ಲಚ್ಚನ್ನಿಟ್ಟು ಇದೇ ಗುರಿಯನ್ನು ಬೇರೆ ದಾರಿಯಿಂದ ತಲುಪಿತು.

ಸಿವಿಟಿ ಎಂಬ ಇನ್ನೊಂದು ಬಗೆಯ ಸ್ವಯಂಚಾಲಿತ ಪದ್ಧತಿಯಲ್ಲಿ ಗೇರುಗಳೇ ಇಲ್ಲ. ಅಗಲ ಬದಲಿಸುವ ಎರಡು ರಾಟೆಗಳ ನಡುವೆ ಉಕ್ಕಿನ ಪಟ್ಟಿ ಓಡುತ್ತ ಅನುಪಾತ ಎಡೆಬಿಡದೆ ಬದಲಾಗುತ್ತದೆ. ಅಂಥ ಕಾರಿಗೂ ಪ್ಯಾಡಲ್ ಕೊಟ್ಟಾಗ ಆರೋ ಏಳೋ ಅನುಪಾತಗಳನ್ನು ಗೇರುಗಳೆಂದು ಗೊತ್ತುಮಾಡಿ ರಾಟೆಗಳನ್ನು ಅಲ್ಲಲ್ಲಿ ನಿಲ್ಲಿಸಲಾಗುತ್ತದೆ.

ಅಂಕಿಗಳ ಮಾತು

ಎರಡು ಕ್ಲಚ್ಚುಗಳ ಗೇರ್‌ಬಾಕ್ಸಿಗೆ 8 ಮಿಲಿಸೆಕೆಂಡಿನಿಂದ 200 ಮಿಲಿಸೆಕೆಂಡಿನವರೆಗೆ ನಾನಾ ಅಂಕಿಗಳು ಚಲಾವಣೆಯಲ್ಲಿವೆ. ಅಳತೆಯ ಆರಂಭ ಮತ್ತು ಅಂತ್ಯಗಳನ್ನು ಎಲ್ಲಿಡಬೇಕೆಂಬುದಕ್ಕೆ ಎಲ್ಲರೂ ಒಪ್ಪಿದ ನಿಯಮವಿಲ್ಲದಿರುವುದೇ ಇದಕ್ಕೆ ಕಾರಣ. ಫೆರಾರಿ ತನ್ನ 60 ಮಿಲಿಸೆಕೆಂಡನ್ನು ಕಾರಿನ ವೇಗವರ್ಧನೆಯಲ್ಲಿ ಬೀಳುವ ಬಿಡುವಿನ ಅವಧಿಯೆಂದು ವಿವರಿಸಿತು. ಇದು ಪ್ರಾಮಾಣಿಕ ಅಳತೆಯೇ, ಆದರೆ ಪ್ಯಾಡಲ್ ಎಳೆದಾಗಿನಿಂದ ಆ ಬಿಡುವು ತೊಡಗುವವರೆಗಿನ ಹೊತ್ತು ಇದರಲ್ಲಿ ಸೇರಿಲ್ಲ. ಬಲವೇ ಕಡಿಯದ ಗೇರ್‌ಬಾಕ್ಸಿಗೆ ಇದೇ ಅಳತೆಗೋಲು ಹಿಡಿದರೆ ಉತ್ತರ ಸೊನ್ನೆಗೆ ಹತ್ತಿರವಾಗುತ್ತದೆ, ಮತ್ತು ಆ ಸೊನ್ನೆಯಿಂದ ಚಾಲಕನಿಗೆ ತಿಳಿಯುವುದು ಏನೂ ಇಲ್ಲ. ಕಾಲು, ಕೈ ಬಳಸಿ ನುರಿತ ಚಾಲಕ ಮಾಡುವ ಬದಲಾವಣೆಗೆ ಸುಮಾರು ಅರ್ಧ ಸೆಕೆಂಡು ಬೇಕೆಂಬುದನ್ನು ನೆನೆದರೆ ಎಲ್ಲ ಆಧುನಿಕ ಪದ್ಧತಿಗಳೂ ವೇಗದವೇ. 50 ಮತ್ತು 100 ಮಿಲಿಸೆಕೆಂಡುಗಳ ನಡುವಿನ ವ್ಯತ್ಯಾಸ ಪಂದ್ಯದ ಗಡಿಯಾರಕ್ಕೆ ತಿಳಿದಷ್ಟು ರಸ್ತೆಯ ಮೇಲಿನ ಮನುಷ್ಯನಿಗೆ ತಿಳಿಯಲಾರದು.

ಸ್ಪಂದನೆ ದಿನವಿಡೀ ಒಂದೇ ಆಗಿರುವುದಿಲ್ಲ ಎಂಬುದೂ ಅಂಕಿಗಳಿಂದ ಮರೆಯಾಗುವ ಸಂಗತಿ. ಚಳಿಯ ಮುಂಜಾನೆ ದಪ್ಪವಾಗಿರುವ ಎಣ್ಣೆ ಕ್ಲಚ್ಚಿನೊಳಗೆ ನಿಧಾನವಾಗಿ ತುಂಬುತ್ತದೆ. ಫಲಕಗಳು ಸವೆದಂತೆ ಅವು ಸೋಕುವ ಬಿಂದು ಸರಿಯುತ್ತ ಹೋಗುವುದರಿಂದ ಗಣಕ ಅದನ್ನು ಆಗಾಗ ಅಳೆದು ನೆನಪಿಟ್ಟುಕೊಳ್ಳಬೇಕಾಗುತ್ತದೆ. ಗೇರ್‌ಬಾಕ್ಸಿನ ದುರಸ್ತಿಯಾದ ಮೇಲೆ ಈ ನೆನಪನ್ನು ಹೊಸದಾಗಿ ಕಲಿಸದಿದ್ದರೆ ಬದಲಾವಣೆಗಳು ಒರಟಾಗುತ್ತವೆ. ಒಣ ಕ್ಲಚ್ಚುಗಳಿರುವ ಎರಡು ಕ್ಲಚ್ಚಿನ ಗೇರ್‌ಬಾಕ್ಸುಗಳು ವಾಹನದಟ್ಟಣೆಯಲ್ಲಿ ತೆವಳುತ್ತ ಸಾಗುವಾಗ ಬಿಸಿಯೇರಿ ಹಿಂಜರಿಯುವುದು ಬೆಂಗಳೂರಿನಂಥ ನಗರಗಳ ಚಾಲಕರಿಗೆ ಅಪರಿಚಿತವಲ್ಲ. ಎಣ್ಣೆಯಲ್ಲಿ ಮುಳುಗಿದ ಕ್ಲಚ್ಚುಗಳು ಈ ವಿಷಯದಲ್ಲಿ ಮೇಲು.

ಒಪ್ಪಿಗೆ ಮತ್ತು ನಿರಾಕರಣೆ

ಪ್ಯಾಡಲಿನ ಕೋರಿಕೆ ಅಪ್ಪಣೆಯಲ್ಲ. ಇಳಿಸಿದ ಗೇರಿನಲ್ಲಿ ಎಂಜಿನ್ ಸುರಕ್ಷಿತ ಮಿತಿ ಮೀರಿ ತಿರುಗಬೇಕಾಗುವುದಾದರೆ ಗಣಕ ಒಪ್ಪುವುದಿಲ್ಲ. ನಿರಾಕರಿಸಿದ ಬಳಿಕ ಏನು ಮಾಡಬೇಕೆಂಬುದರಲ್ಲಿ ಮಾತ್ರ ಭೇದಗಳಿವೆ: ಕೆಲವು ಕಾರುಗಳು ಕೋರಿಕೆಯನ್ನು ಮರೆತುಬಿಡುತ್ತವೆ, ಕೆಲವು ಅದನ್ನು ನೆನಪಿಟ್ಟು ವೇಗ ತಕ್ಕಷ್ಟು ಇಳಿದೊಡನೆ ಜಾರಿಗೆ ತರುತ್ತವೆ. ತಿರುವಿಗೆ ಮುನ್ನ ಬ್ರೇಕ್ ಹಾಕುತ್ತ ಪ್ಯಾಡಲ್ ಎಳೆದು ಫಲ ಕಾಣದ ಚಾಲಕ ಮತ್ತೊಮ್ಮೆ ಎಳೆದು, ಎರಡೂ ಕೋರಿಕೆಗಳು ಒಟ್ಟಿಗೆ ಜಾರಿಯಾಗಿ ಬೇಡದ ಗೇರಿಗೆ ಬೀಳುವುದು ಎರಡನೆಯ ಬಗೆಯ ಕಾರುಗಳಲ್ಲಿ ಆಗುವ ಎಡವಟ್ಟು. ಕೈಯಾರೆ ಗೇರ್ ಆರಿಸುವ ಸ್ಥಿತಿಯಲ್ಲೂ ಎಂಜಿನ್ ಮೇಲ್ಮಿತಿ ಮುಟ್ಟಿದಾಗ ಹಲವು ಕಾರುಗಳು ತಾವಾಗಿಯೇ ಮುಂದಿನ ಗೇರ್ ಹಾಕುತ್ತವೆ. ಸ್ಪರ್ಧೆಯ ಒಲವಿರುವ ಕಾರುಗಳು ಚಾಲಕನಿಗಾಗಿ ಕಾಯುತ್ತವೆ.

ಪ್ಯಾಡಲನ್ನು ಎಲ್ಲಿ ಜೋಡಿಸಬೇಕೆಂಬ ವಿವಾದವೂ ಇದೆ. ಫೆರಾರಿ, ಲ್ಯಾಂಬೊರ್ಗಿನಿಗಳಲ್ಲಿ ಅವು ಸ್ಟೀರಿಂಗಿನ ಕಂಬಕ್ಕೆ ಅಂಟಿಕೊಂಡು ಅಲುಗದೆ ನಿಲ್ಲುತ್ತವೆ. ಪೋರ್ಷೆ, ಬಿಎಂಡಬ್ಲ್ಯು, ಔಡಿಗಳಲ್ಲಿ ಚಕ್ರದೊಂದಿಗೆ ತಿರುಗುತ್ತವೆ. ಚಕ್ರ ಅರ್ಧ ಸುತ್ತು ತಿರುಗಿದಾಗ ತಿರುಗುವ ಪ್ಯಾಡಲಿನಲ್ಲಿ ಎಡಬಲಗಳು ಅದಲುಬದಲಾದರೂ ಬೆರಳಿನ ಕೆಳಗೇ ಇರುತ್ತವೆ, ನಿಂತ ಪ್ಯಾಡಲನ್ನು ಹುಡುಕಬೇಕಾಗುತ್ತದೆ.

ಕಡಿದಾದ ಹಾದಿಗಳಲ್ಲಿ ಇವೆಲ್ಲದರ ತೂಕ ಬೇರೆಯೇ ಆಗುತ್ತದೆ. ಹದಿನಾಲ್ಕು ಹಿಮ್ಮುರಿ ತಿರುವುಗಳ ಆಗುಂಬೆ ಘಾಟಿಯನ್ನೋ ಚಾರ್ಮಾಡಿಯನ್ನೋ ಇಳಿಯುವಾಗ ಆಕ್ಸಿಲರೇಟರಿನಿಂದ ಕಾಲು ತೆಗೆದರೆ, ಇಂಧನ ಉಳಿಸಲು ಹೊರಟ ಗಣಕ ಗೇರ್ ಏರಿಸಿ ಕಾರನ್ನು ಜಾರಬಿಡಬಹುದು. ಎಡಗಡೆಯ ಪ್ಯಾಡಲ್ ಎಳೆದು ಎರಡರಲ್ಲಿ ಹಿಡಿದರೆ ಎಂಜಿನ್ನೇ ಕಾರನ್ನು ತಡೆದು ಬ್ರೇಕುಗಳು ಕಾಯುವುದು ತಪ್ಪುತ್ತದೆ. ಇಲ್ಲಿ ಬೇಕಾದದ್ದು ಮಿಲಿಸೆಕೆಂಡುಗಳ ಚುರುಕಲ್ಲ, ಹಾಕಿದ ಗೇರಿನಲ್ಲೇ ನಿಲ್ಲುವ ನಿಷ್ಠೆ. ಪ್ಯಾಡಲ್ ಎಳೆದ ಕೆಲವು ಸೆಕೆಂಡುಗಳಲ್ಲೇ ಮತ್ತೆ ಸ್ವಯಂಚಾಲಿತ ಸ್ಥಿತಿಗೆ ಮರಳುವ ಕಾರುಗಳು ಈ ಪರೀಕ್ಷೆಯಲ್ಲಿ ಸೋಲುತ್ತವೆ. ಅವುಗಳಲ್ಲಿ ಗೇರ್ ಸನ್ನೆಯನ್ನು ಮ್ಯಾನ್ಯುವಲ್ ಸ್ಥಾನಕ್ಕೆ ತಂದುಕೊಂಡು ಇಳಿಯುವುದು ಲೇಸು. ಬಿಡದಿಯಲ್ಲಿ ತಯಾರಾಗುವ ಟೊಯೊಟಾ ಫಾರ್ಚುನರಿನ ಆರು ಗೇರುಗಳ ಸ್ವಯಂಚಾಲಿತ ಮಾದರಿಗೆ ಪ್ಯಾಡಲ್‌ಗಳಿವೆ. 2022ರಲ್ಲಿ ಮಾರುತಿ ಸುಜುಕಿ ಎರ್ಟಿಗಾ, ಬ್ರೆಜ಼ಾಗಳಿಗೂ ಅವನ್ನು ಕೊಟ್ಟ ಮೇಲೆ ಪ್ಯಾಡಲ್ ಭಾರತದ ಮಧ್ಯಮ ವರ್ಗದ ಕುಟುಂಬದ ಕಾರಿನ ಭಾಗವೂ ಆಗಿದೆ.

ವಿದ್ಯುತ್ ಕಾರುಗಳಲ್ಲಿ ಸಾಮಾನ್ಯವಾಗಿ ಗೇರ್ ಬದಲಾವಣೆ ಎಂಬುದೇ ಇಲ್ಲ. ಅಲ್ಲಿ ಪ್ಯಾಡಲ್‌ಗಳು ಉಳಿದಿರುವಲ್ಲೆಲ್ಲ ಹೆಚ್ಚಾಗಿ ಕಾರು ನಿಧಾನಿಸುವಾಗ ಮೋಟಾರು ಬ್ಯಾಟರಿಗೆ ಮರಳಿ ತುಂಬುವ ವಿದ್ಯುತ್ತಿನ ಪ್ರಮಾಣವನ್ನು ಹೆಚ್ಚು ಕಡಿಮೆ ಮಾಡುತ್ತವೆ. 2023ರ ಹ್ಯುಂಡೈ ಅಯಾನಿಕ್ 5 ಎನ್ ಇದಕ್ಕೆ ಅಪವಾದ: ಎಂಟು ಗೇರುಗಳ ಎರಡು ಕ್ಲಚ್ಚಿನ ಗೇರ್‌ಬಾಕ್ಸ್ ಇದೆಯೆಂಬಂತೆ ನಟಿಸುವ ಅದರ ತಂತ್ರಾಂಶ, ಪ್ಯಾಡಲ್ ಎಳೆದಾಗ ಮೋಟಾರಿನ ಬಲವನ್ನು ಕ್ಷಣಕಾಲ ತಗ್ಗಿಸಿ ಗುದ್ದನ್ನೂ ಸದ್ದನ್ನೂ ಉಂಟುಮಾಡುತ್ತದೆ, ಮತ್ತು ಸಮಯಕ್ಕೆ ಸರಿಯಾಗಿ ಪ್ಯಾಡಲ್ ಎಳೆಯದ ಚಾಲಕನನ್ನು ಇಲ್ಲದ ಎಂಜಿನ್ನಿನ ಮೇಲ್ಮಿತಿಗೆ ಬಡಿಸಿ ನಿಲ್ಲಿಸುತ್ತದೆ.